ಗೋಡೆಯ ಗೂಡು ಹೋಗಿ ವ್ಯಾನಿಟಿ ಬಂತು

ವ್ಯಾನಿಟಿ ಎಂದರೆ ದಾವಣಗೆರೆ, ಹರಿಹರದ ಜನಕ್ಕೆ ಬಹುಕಾಲ ಗೊತ್ತಿದ್ದದ್ದು ಹೆಂಗಸರು ಹೆಗಲಿಗೆ ಹಾಕಿಕೊಳ್ಳುವ ಬ್ಯಾಗು. ಇಂಗ್ಲಿಷಿನಲ್ಲಿ ಆ ಪದಕ್ಕೆ ಒಣಜಂಭ ಎಂಬ ಅರ್ಥವೂ ಉಂಟು. ಈಗ ಅದೇ ಹೆಸರು ಬಚ್ಚಲುಮನೆಯೊಳಕ್ಕೆ ಬಂದು ಕೂತಿದೆ. ಮುಖ ತೊಳೆಯುವ ಬೇಸಿನ್ನು, ಅದನ್ನು ಹೊತ್ತ ಕಲ್ಲು, ಕೆಳಗೊಂದು ಕಪಾಟು, ಮೇಲೊಂದು ಕನ್ನಡಿ, ಇಷ್ಟೂ ಸೇರಿದರೆ ಒಂದು ವ್ಯಾನಿಟಿ. ಬಡಗಿಗಳ ಬಾಯಲ್ಲಿ ಅದು ಇನ್ನೂ 'ಸಿಂಕ್ ಕೆಳಗಿನ ಕಬೋರ್ಡು'. ಹೆಸರು ಏನೇ ಇರಲಿ, ಹಳೆಯ ಬಚ್ಚಲು ಒಡೆಸಿ ಹೊಸದು ಮಾಡಿಸಲು ಹೊರಟವರ ಮನೆಯಲ್ಲಿ ಟೈಲ್ಸಿನ ಬಣ್ಣ ಮುಗಿದ ಮೇಲೆ ಎರಡನೆಯ ಜಗಳ ಏಳುವುದು ಇದರ ಬಗ್ಗೆಯೇ.

ಜಗಳಕ್ಕೆ ಕಾರಣವಿದೆ. ಅಂಗಡಿಯ ಗಾಜಿನ ಹಿಂದೆ ನಿಂತ ವ್ಯಾನಿಟಿ ಬಹಳ ಚೆಂದ. ತಿಳಿ ಬೆಳಕು, ಹೊಳೆಯುವ ನಲ್ಲಿ, ಕಪಾಟಿನ ಮೇಲೆ ಒಂದು ಹೂದಾನಿ. ಆದರೆ ಆ ಅಂಗಡಿಯಲ್ಲಿ ಯಾರೂ ಜಳಕ ಮಾಡುವುದಿಲ್ಲ! ಮನೆಗೆ ತಂದು ಕೂರಿಸಿದ ಎರಡನೆಯ ಮಳೆಗಾಲಕ್ಕೆ ಅದೇ ಕಪಾಟಿನ ಕಾಲು ಊದಿ, ಬಾಗಿಲು ಮುಚ್ಚದಾಗಿ, ಒಳಗಿನಿಂದ ಮುಗ್ಗಲು ವಾಸನೆ ಬರತೊಡಗಿದರೆ ಯಜಮಾನರು ಬೈಯುವುದು ಬಡಗಿಯನ್ನು. ತಪ್ಪು ಎಷ್ಟೋ ಸಲ ಬಡಗಿಯದಲ್ಲ, ಆಯ್ಕೆಯದು.

ಹಂಡೆ, ಬಚ್ಚಲುಗಲ್ಲು, ಗೂಡು

ಚೌಕಿಪೇಟೆ, ಮಂಡಿಪೇಟೆಯ ಆಸುಪಾಸಿನ ಹಳೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ ಹಳೆಯ ಬಚ್ಚಲಿನ ರೀತಿ ಗೊತ್ತು. ಅಗಲ ಕಡಿಮೆ, ಉದ್ದ ಹೆಚ್ಚು; ಪಡಸಾಲೆ, ನಡುಮನೆ, ಅಡುಗೆಮನೆ ದಾಟಿದ ಮೇಲೆ ಹಿತ್ತಿಲ ಕಡೆಗೆ ಬಚ್ಚಲು. ಒಂದು ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರ ಪಕ್ಕ ತಣ್ಣೀರಿನ ತೊಟ್ಟಿ, ಕೂತು ಮೀಯಲು ಒಂದು ಚಪ್ಪಡಿ. ಗೋಡೆಯಲ್ಲೊಂದು ಗೂಡು. ಸೀಗೆಪುಡಿ, ಕಡಲೆಹಿಟ್ಟು, ಸೋಪು, ಹಲ್ಲುಪುಡಿ, ಕ್ಷೌರದ ಸಾಮಾನು ಎಲ್ಲಕ್ಕೂ ಆ ಒಂದು ಗೂಡೇ ಜಾಗ. ಗೂಡಿನ ಮೇಲೊಂದು ಮೊಳೆ, ಮೊಳೆಗೊಂದು ಅಂಗೈಯಗಲದ ಕನ್ನಡಿ. ನಮ್ಮ ಮೊದಲ ವ್ಯಾನಿಟಿ ಅದು ಎನ್ನಲಡ್ಡಿಯಿಲ್ಲ. ಬಡಗಿ ಬೇಡ, ಬಿಜಾಗರ ಬೇಡ, ಗೆದ್ದಲು ಹತ್ತುವುದಿಲ್ಲ, ನೀರು ಬಿದ್ದರೆ ಒಣಗುತ್ತದೆ.

ಆ ಬಚ್ಚಲಿನಲ್ಲಿ ನಿಂತು ಮುಖ ತೊಳೆಯುವ ಪದ್ಧತಿಯೇ ಇರಲಿಲ್ಲ. ತಂಬಿಗೆ ಹಿಡಿದು ಬಗ್ಗಿ ತೊಳೆಯುವುದು, ಇಲ್ಲವೇ ಹಿತ್ತಿಲ ಕಲ್ಲಿನ ಮೇಲೆ ನಿಂತು ಕಾಲಿಗೂ ಮುಖಕ್ಕೂ ಒಟ್ಟಿಗೆ ನೀರು ಹಾಕಿಕೊಳ್ಳುವುದು. ಬೇಸಿನ್ನು ನಮ್ಮ ಮನೆಗಳಿಗೆ ಬಂದದ್ದು ಬಚ್ಚಲಿನ ಮೂಲಕ ಅಲ್ಲ, ಊಟದ ಮನೆಯ ಮೂಲಕ. ಉಂಡ ಕೈ ತೊಳೆಯಲು ಹಿತ್ತಿಲಿಗೆ ಹೋಗುವುದು ತಪ್ಪಲಿ ಎಂದು ಹಾಲಿನ ಮೂಲೆಯಲ್ಲಿ ಬಿಳಿಯ ಬೇಸಿನ್ನೊಂದನ್ನು ಗೋಡೆಗೆ ಕಚ್ಚಿಸಿದರು. ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ನಿಟುವಳ್ಳಿಯ ಮನೆಗಳಲ್ಲೂ ಊಟದ ಮೇಜಿನಿಂದ ನಾಲ್ಕು ಹೆಜ್ಜೆಯಲ್ಲಿ ಅಂಥದೊಂದು ಬೇಸಿನ್ನು ಕಾಣಸಿಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವುದು, ಮಧ್ಯಾಹ್ನ ಕೈತೊಳೆಯುವುದು, ಸಂಜೆ ಶಾಲೆಯಿಂದ ಬಂದ ಮಕ್ಕಳ ಮುಖ ತೊಳೆಸುವುದು, ಎಲ್ಲವೂ ಅಲ್ಲೇ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಒಂದಿದೆ. ವ್ಯಾನಿಟಿ ಹುಟ್ಟಿದ ದೇಶಗಳಲ್ಲಿ ಬಚ್ಚಲಿನ ನೆಲ ಒಣಗಿರುತ್ತದೆ. ಮೀಯುವವರು ತೊಟ್ಟಿಯೊಳಗೆ ಇಲ್ಲವೇ ಗಾಜಿನ ಗೂಡಿನೊಳಗೆ ಮೀಯುತ್ತಾರೆ, ಒಂದು ಹನಿ ಹೊರಗೆ ಬೀಳುವುದಿಲ್ಲ. ನಮ್ಮಲ್ಲಿ ಜಳಕವೆಂದರೆ ಬಕೆಟ್ಟು, ಮಗ್ಗು, ತಲೆಯ ಮೇಲಿಂದ ಸುರಿದ ನೀರು ನಾಲ್ಕೂ ಗೋಡೆಗೆ ಎರಚಬೇಕು. ಜಳಕ ಮುಗಿದ ಮೇಲೆ ಬಚ್ಚಲಿಗೂ ಎರಡು ಬಕೆಟ್ ಹಾಕಿ ಕಸಬರಿಗೆಯಲ್ಲಿ ಉಜ್ಜಿ ತೊಳೆಯದಿದ್ದರೆ ಮನೆಯ ಹಿರಿಯಾಕೆಗೆ ಸಮಾಧಾನವಿಲ್ಲ. ಒಣ ಬಚ್ಚಲಿಗೆಂದು ಮಾಡಿದ ಸಾಮಾನನ್ನು ಒದ್ದೆ ಬಚ್ಚಲಿನಲ್ಲಿಟ್ಟು ಅದು ಬಾಳಲಿಲ್ಲ ಎಂದರೆ ಹೇಗೆ?

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು 'ಯಾವ ಮಾದರಿ' ಎಂದಲ್ಲ, 'ಎಲ್ಲಿ' ಎಂದು. ಕಪಾಟಿನ ಚೆಂದದ ಸೆಟ್ಟು ಬೇಕೇ ಬೇಕೆಂದರೆ ಅದನ್ನು ಹಾಲಿನ ಬೇಸಿನ್ನಿಗೆ ಮಾಡಿಸುವುದು ಜಾಣತನ. ನಾಲ್ಕು ಜನ ಬಂದು ಕೈ ತೊಳೆಯುವ ಜಾಗ, ಕಾಣುವ ಜಾಗ, ಒಣಗಿರುವ ಜಾಗ. ಒಳಗಿನ ಬಚ್ಚಲಿಗೆ ಸರಳವಾದದ್ದು ಸಾಕು. ಅನೇಕರು ಇದಕ್ಕೆ ಉಲ್ಟಾ ಮಾಡುತ್ತಾರೆ.

ಹೊಳೆಯ ನೀರು, ಬೋರಿನ ನೀರು

ತುಂಗಾ ಪಾನ, ಗಂಗಾ ಸ್ನಾನ ಎನ್ನುವ ಮಾತುಂಟು. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹರಿಹರಕ್ಕೆ ಬರುವ ತುಂಗಭದ್ರೆಯಿಂದಲೇ ಈ ಎರಡೂ ಊರುಗಳ ನಲ್ಲಿಗಳು ನಡೆಯುವುದು. ಹರಿಹರದ ಬಳಿಯ ರಾಜನಹಳ್ಳಿಯಿಂದ ಎತ್ತಿದ ಹೊಳೆಯ ನೀರು ದಾವಣಗೆರೆಗೆ ಬರುತ್ತದೆ. ಇದಲ್ಲದೆ ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೆ ತುಂಬಿಸಿಕೊಂಡು ನಗರಕ್ಕೆ ಬಿಡುತ್ತಾರೆ. ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರುವಂತೆ ಮಾಡಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಯೋಜನೆಯೊಂದನ್ನು ಕೈಗೆತ್ತಿಕೊಳ್ಳಲಾಯಿತು. 'ಜಲಸಿರಿ' ಎಂದು ಜನ ಕರೆಯುವುದು ಅದನ್ನೇ. ಆದರೂ ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಕಾಣುವುದನ್ನು ಹರಿಹರದವರು ಬಲ್ಲರು. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷವನ್ನು ಯಾರೂ ಮರೆತಿಲ್ಲ. ಅಂಥ ದಿನಗಳಿಗೆಂದೇ ಬೋರು ಹಾಕಿಸಿಟ್ಟುಕೊಂಡ ಮನೆಗಳು ಬಹಳ.

ವ್ಯಾನಿಟಿಗೂ ಹೊಳೆಗೂ ಏನು ಸಂಬಂಧ ಎನ್ನಬಹುದು. ಸಂಬಂಧ ಬೇಸಿನ್ನಿನ ಬಣ್ಣದಲ್ಲಿದೆ. ಹೊಳೆಯ ನೀರು ಮೆದು, ಬೋರಿನ ನೀರು ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದಲ್ಲಿ 600ರವರೆಗೂ ಆಗಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಸೋಪು ಉಜ್ಜಿದರೆ ನೊರೆ ಬರದೆ ಜಿಗುಟಾಗುವ ಬೋರಿನ ನೀರು ಯಾವ ಕಡೆಗಿದೆ ಎಂದು ಬಟ್ಟೆ ಒಗೆಯುವವರಿಗೇ ಗೊತ್ತು. ಗಡಸು ನೀರಿನ ಹನಿ ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಕಲೆ ನಿಲ್ಲುತ್ತದೆ. ಬಿಳಿ ಬೇಸಿನ್ನಿನಲ್ಲಿ ಅದು ಕಾಣುವುದು ಕಡಿಮೆ. ಈಗಿನ ಫ್ಯಾಷನ್ನಾದ ಕಪ್ಪು ಬೇಸಿನ್ನು, ಕಪ್ಪು ನಲ್ಲಿ, ಕಡು ಬಣ್ಣದ ಗಾಜಿನ ಬೋಗುಣಿ ಇವುಗಳಲ್ಲಿ ಒಂದೇ ವಾರಕ್ಕೆ ವಿಭೂತಿ ಬಳಿದಂತೆ ಎದ್ದು ಕಾಣುತ್ತದೆ. ಬೋರಿನ ನೀರು ಬಳಸುವ ಮನೆಗೆ ಕಪ್ಪು ಬೇಸಿನ್ನು ತರುವುದೆಂದರೆ ದಿನಾ ಒರೆಸುವ ಕೆಲಸವನ್ನು ದುಡ್ಡು ಕೊಟ್ಟು ತಂದಂತೆ, ಮತ್ತು ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕಲೆ ತೆಗೆಯಲು ಆ್ಯಸಿಡ್ ಸುರಿಯುವುದು ಇನ್ನೊಂದು ಅನಾಹುತ. ಟಾಯ್ಲೆಟ್ ತೊಳೆಯುವ ಆ್ಯಸಿಡ್‌ನ ಹೊಗೆಯೇ ಸಾಕು, ನಲ್ಲಿಯ ಹೊಳಪು, ಕಪಾಟಿನ ಬಿಜಾಗರ, ಟವೆಲ್ಲಿನ ಸರಳು ಎಲ್ಲವನ್ನೂ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲು ಕೂಡ ಅದಕ್ಕೆ ಹೆದರುತ್ತದೆ. ಆ ಬಾಟಲಿಯನ್ನು ತಂದು ವ್ಯಾನಿಟಿಯ ಕಪಾಟಿನೊಳಗೇ ಇಡುವವರಿದ್ದಾರೆ. ಮುಚ್ಚಿದ ಕಪಾಟು, ಸರಿಯಾಗಿ ಮುಚ್ಚದ ಬಿರಡೆ, ಆರು ತಿಂಗಳಿಗೆ ಬಿಜಾಗರದ ಕಥೆ ಮುಗಿಯುತ್ತದೆ. ಮಕ್ಕಳ ಕೈಗೆ ಎಟಕುವ ಅಪಾಯ ಬೇರೆ. ಬೇಸಿನ್ನಿನ ಸುಣ್ಣದ ಕಲೆಗೆ ನಿಂಬೆಹಣ್ಣಿನ ಹೋಳು ಇಲ್ಲವೇ ವಿನೆಗರ್ ಹಾಕಿ ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ಸಾಕು.

ನೀರಿನ ಮಾತು ಬಂದಾಗ ನಲ್ಲಿಯ ಒತ್ತಡವನ್ನೂ ನೋಡಬೇಕು. ಹತ್ತು ಅಡಿ ಎತ್ತರದ ಒಂದಂತಸ್ತಿನ ಮನೆ, ತಾರಸಿಯ ಮೇಲೆ ಮೂರಡಿ ಕಟ್ಟೆ, ಅದರ ಮೇಲೆ ಸಿಂಟೆಕ್ಸು. ಬೇಸಿನ್ನಿನ ನಲ್ಲಿಯಿಂದ ಅಲ್ಲಿಗೆ ಹತ್ತಡಿ, ಅಂದರೆ ಸುಮಾರು ಮೂರು ಮೀಟರು. ಹತ್ತು ಮೀಟರು ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ ಎಂಬ ಲೆಕ್ಕದಲ್ಲಿ ಇಲ್ಲಿ ಸಿಗುವುದು ಅದರ ಮೂರರಲ್ಲೊಂದು ಪಾಲೂ ಅಲ್ಲ. ಅಂಗಡಿಯಲ್ಲಿ ತೋರಿಸುವ ಒಂದೇ ಹಿಡಿಕೆಯ ಬಿಸಿ-ತಣ್ಣೀರಿನ ನಲ್ಲಿಗಳಲ್ಲಿ ಹಲವು ಇದಕ್ಕಿಂತ ಹೆಚ್ಚು ಒತ್ತಡ ಬೇಡುತ್ತವೆ. 'ಇದು ಕಡಿಮೆ ಪ್ರೆಶರಿಗೆ ನಡೆಯುತ್ತದೆಯೇ?' ಎಂದು ಕೇಳಿ, ಡಬ್ಬಿಯ ಮೇಲೆ ಬರೆದದ್ದನ್ನು ಓದಿಸಿಕೊಂಡೇ ಕೊಳ್ಳಬೇಕು. ಇಲ್ಲದಿದ್ದರೆ ಸಾವಿರಾರು ರೂಪಾಯಿಯ ನಲ್ಲಿಯಿಂದ ದಾರದಂತೆ ನೀರು ಇಳಿಯುತ್ತದೆ.

ಹಲಗೆಯೋ, ಪ್ಲಾಸ್ಟಿಕ್ಕೋ, ಕಲ್ಲೋ

ಕಪಾಟು ಯಾವುದರಲ್ಲಿ ಮಾಡಿಸಬೇಕು? ಇಲ್ಲಿಯೇ ಹೆಚ್ಚಿನ ಹಣ ನೀರಿಗೆ ಹೋಗುವುದು. ಕಡಿಮೆ ಬೆಲೆಯ ಸಿದ್ಧ ಸೆಟ್ಟುಗಳಲ್ಲಿ ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು, ಎಂ.ಡಿ.ಎಫ್. ಇರುತ್ತವೆ. ಮೇಲೆ ಹೊಳೆಯುವ ಹಾಳೆ ಅಂಟಿಸಿರುವುದರಿಂದ ಒಳಗೇನಿದೆ ಕಾಣುವುದಿಲ್ಲ. ನೀರು ಕುಡಿದರೆ ಅವು ಮಂಡಕ್ಕಿಯಂತೆ ಉಬ್ಬುತ್ತವೆ, ಮತ್ತೆ ಇಳಿಯುವುದಿಲ್ಲ. ನಮ್ಮ ಬಚ್ಚಲಿಗೆ ಅವು ಖಂಡಿತ ಬೇಡ.

ಪ್ಲೈವುಡ್ಡಿನಲ್ಲಿ ಮಾಡಿಸುವವರು ಐ.ಎಸ್. 710 ಎಂಬ ಗುರುತು ನೋಡಬೇಕು. ಮರೀನ್ ಪ್ಲೈ ಎಂದು ಕರೆಯುವುದು ಅದನ್ನೇ. 72 ಗಂಟೆ ಕಾಲ ನೀರಿನಲ್ಲಿ ಕುದಿಸಿದರೂ ಅದರ ಪದರಗಳ ಅಂಟು ಬಿಡಬಾರದು ಎಂಬುದು ಪರೀಕ್ಷೆ. 'ವಾಟರ್‌ಪ್ರೂಫ್ ಐತ್ರೀ ಸಾವ್ಕಾರ್ರೆ' ಎಂಬ ಮಾತು ಸಾಲದು, ಹಲಗೆಯ ಮೇಲೆ ಐ.ಎಸ್.ಐ. ಗುರುತಿನ ಮೊಹರು ಇರಬೇಕು. ಕತ್ತರಿಸುವ ಮೊದಲೇ ನೋಡಿಕೊಳ್ಳಿ, ಕತ್ತರಿಸಿದ ಮೇಲೆ ಮೊಹರು ಯಾವ ತುಂಡಿಗೆ ಹೋಯಿತೋ ಹುಡುಕುವುದು ಕಷ್ಟ. ಇಷ್ಟಾದರೂ ಒಂದು ಕಳ್ಳದಾರಿ ಉಳಿಯುತ್ತದೆ. ಬೇಸಿನ್ನಿನ ಕೊಳವೆ ಹಾದುಹೋಗಲು ಪ್ಲಂಬರು ಕೊನೆಯ ದಿನ ಹಲಗೆಯಲ್ಲೊಂದು ತೂತು ಕೊರೆಯುತ್ತಾನಲ್ಲ, ಅದರ ಅಂಚಿಗೆ ಯಾರೂ ಏನೂ ಬಳಿಯುವುದಿಲ್ಲ. ಒಳ್ಳೆಯ ಪ್ಲೈ ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಆ ಕಚ್ಚಾ ಅಂಚಿಗೆ ಎರಡು ಕೋಟು ಪಾಲಿಶ್ ಇಲ್ಲವೇ ಸಿಲಿಕೋನ್ ಹಚ್ಚಿಸುವುದು ಐದು ನಿಮಿಷದ ಕೆಲಸ. ಹೇಳಿ ಮಾಡಿಸಬೇಕು, ಅಷ್ಟೇ.

ಪಿ.ವಿ.ಸಿ. ಬೋರ್ಡು ನೀರಿಗೆ ಜಗ್ಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಹೀಗಾಗಿ ಈಗ ಅದರದೇ ಭರಾಟೆ. ಆದರೆ ಅದು ಸ್ಕ್ರೂ ಹಿಡಿಯುವುದು ಅಷ್ಟಕ್ಕಷ್ಟೆ. ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುವ ಬಾಗಿಲಿನ ಬಿಜಾಗರ ಕ್ರಮೇಣ ಸಡಿಲಾಗುತ್ತದೆ. ಮೇಲೆ ಗ್ರಾನೈಟ್ ಹೇರಿದರೆ ನಡು ಬಾಗುತ್ತದೆ. ಮರದ ಪುಡಿ ಬೆರೆಸಿ ಮಾಡಿದ ಡಬ್ಲ್ಯು.ಪಿ.ಸಿ. ಹಲಗೆ ತುಸು ಗಟ್ಟಿ, ಸ್ಕ್ರೂ ಕಚ್ಚುತ್ತದೆ. ಎರಡರಲ್ಲಿ ಯಾವುದನ್ನೇ ಬಳಸಿದರೂ ಕಲ್ಲಿನ ಭಾರ ಅದರ ಮೇಲೆ ಬೀಳದಂತೆ ಗೋಡೆಗೆ ಕಬ್ಬಿಣದ ಆಧಾರ ಕೊಟ್ಟು ಅದರ ಮೇಲೆ ಕಲ್ಲು ಕೂರಿಸಬೇಕು.

ಇವೆಲ್ಲಕ್ಕಿಂತ ಬಾಳಿಕೆಯದು, ನಮ್ಮ ಮೇಸ್ತ್ರಿಗಳಿಗೆ ಕೈಬಂದದ್ದು ಮತ್ತೊಂದಿದೆ. ಅಡುಗೆಮನೆಯ ಕಟ್ಟೆ ಕಟ್ಟುವ ರೀತಿಯಲ್ಲೇ ಎರಡು ಕಡಪಾ ಕಲ್ಲಿನ ಹಾಳೆಗಳನ್ನು ನಿಲ್ಲಿಸಿ, ಗೋಡೆಗೆ ಕಚ್ಚಿಸಿ, ನಡುವೆ ಒಂದು ಕಲ್ಲಿನ ಅಟ್ಟಣೆ ಕೊಟ್ಟು, ಮೇಲೆ ಗ್ರಾನೈಟ್ ಹಾಸಿ ಬೇಸಿನ್ನು ಇಳಿಸುವುದು. ಮುಂದೆ ಬೇಕಾದರೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು ಹಾಕಿಸಬಹುದು, ಬೇಡವಾದರೆ ಹಾಗೆಯೇ ತೆರೆದು ಬಿಡಬಹುದು. ಬಕೆಟ್ಟುಗಟ್ಟಲೆ ನೀರು ಸುರಿದರೂ ಚಿಂತೆಯಿಲ್ಲ. ಕಡಪಾ ಎಂಬುದು ಸುಣ್ಣದ ಅಂಶದ ಕಲ್ಲು, ಆ್ಯಸಿಡ್ ಬಿದ್ದರೆ ಮಂಕಾಗುತ್ತದೆ. ಅಮೃತಶಿಲೆಯೂ ಹಾಗೆಯೇ. ಹಾಗಾಗಿ ಮೇಲುಹಾಸಿಗೆ ಮಾತ್ರ ಗ್ರಾನೈಟೇ ಇರಲಿ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ನಮ್ಮ ರಾಜ್ಯದವೇ. ಗಡಸು ನೀರಿನ ಮನೆಗೆ ಕಪ್ಪಿಗಿಂತ ಬೂದು, ಚುಕ್ಕೆಯ ಕಲ್ಲು ವಾಸಿ ಎಂಬ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಕ್ಯಾಟಲಾಗಿನಲ್ಲಿ ಈ ಮಾದರಿಗೆ ಚಿತ್ರವಿಲ್ಲ, ಅದೊಂದೇ ಅದರ ಕೊರತೆ.

ಹಳೆಯ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ಚೌಕಟ್ಟುಗಳನ್ನು ಹಿತ್ತಿಲಲ್ಲಿ ಒಟ್ಟಿಟ್ಟುಕೊಂಡವರು ಅದನ್ನು ಸೀಳಿಸಿ ಬಾಗಿಲು ಮಾಡಿಸಿಕೊಳ್ಳಬಹುದು. ಒಣಗಿ ಪಕ್ವವಾದ ಸಾಗವಾನಿಯಷ್ಟು ನೀರು ತಡೆಯುವ ಮರ ಹೊಸದಾಗಿ ಕೊಳ್ಳಹೋದರೆ ಸುಲಭಕ್ಕೆ ಸಿಗುವುದಿಲ್ಲ.

ಯಾವುದು ಯಾರಿಗೆ

ಗೋಡೆಗೆ ಬ್ರಾಕೆಟ್ ಹಾಕಿ ತೂಗಿಸುವ ಬರೀ ಬೇಸಿನ್ನು ಅತ್ಯಂತ ಅಗ್ಗ, ಜಾಗವೂ ಕಡಿಮೆ ಸಾಕು. ಕಾಲಿನ ಕಂಬವಿರುವ ಪೆಡೆಸ್ಟಲ್ ಬೇಸಿನ್ನು ಅದಕ್ಕಿಂತ ತುಸು ನೀಟು, ಕೊಳವೆ ಮರೆಯಾಗುತ್ತದೆ, ಆದರೆ ಕಂಬದ ಹಿಂದಿನ ಕೊಳೆ ತೆಗೆಯಲು ಕೈ ಹೋಗುವುದಿಲ್ಲ. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಆರಂಭವಾದಂದಿನಿಂದ ಓದಲು ಬರುವವರಿಗೆ ಮನೆ ಬಾಡಿಗೆಗೆ ಕೊಡುವುದು ದಾವಣಗೆರೆಯಲ್ಲಿ ಒಂದು ಕಸುಬೇ ಆಗಿದೆ. ಬಾಡಿಗೆ ಮನೆಗೆ ಈ ಎರಡರಲ್ಲೊಂದು, ಜೊತೆಗೆ ಗೋಡೆಯಲ್ಲಿ ಹಿಂದಿನಂತೆ ಒಂದು ಗೂಡು. ಕಪಾಟು ಮಾಡಿಸಿದರೆ ಪ್ರತಿ ಹೊಸ ಬಾಡಿಗೆದಾರರಿಗೂ ಅದರ ಬಾಗಿಲು ರಿಪೇರಿ ಮಾಡಿಸುತ್ತಿರಬೇಕು.

ಕಲ್ಲಿನ ಮೇಲೆ ಬೋಗುಣಿಯಂತೆ ಕೂರುವ ಬೇಸಿನ್ನು ಈಗ ಹೊಸ ಮನೆಗಳಲ್ಲೆಲ್ಲ ಕಾಣುತ್ತದೆ. ಇದರಲ್ಲಿ ಎಲ್ಲರೂ ಎಡವುವುದು ಎತ್ತರದಲ್ಲಿ. ಬೋಗುಣಿಯೇ ಐದಾರು ಇಂಚು ಎತ್ತರ. ಮೇಸ್ತ್ರಿ ಅಭ್ಯಾಸಬಲದಿಂದ ಕಲ್ಲನ್ನು 32 ಇಂಚಿಗೆ ಕೂರಿಸಿಬಿಟ್ಟರೆ ಬೇಸಿನ್ನಿನ ಬಾಯಿ 38 ಇಂಚಿಗೆ ಹೋಗುತ್ತದೆ. ಆಮೇಲೆ ಮನೆಯ ಅಜ್ಜಿ 'ಅಯ್ಯೋ, ನಾನೇನು ಏಣಿ ಹತ್ತಿ ಮಕ ತೊಳಕಳ್ಳಾ?' ಎಂದು ಕೇಳುವುದು, ಮಕ್ಕಳಿಗೆ ಸ್ಟೂಲು ಹಾಕುವುದು, ತೊಳೆದ ನೀರು ಮೊಣಕೈಯಿಂದ ರವಿಕೆಯ ತೋಳಿಗೆ ಇಳಿಯುವುದು. ಬಾಯಿ ನೆಲದಿಂದ 32-33 ಇಂಚಿಗೆ ಬರುವಂತೆ, ಕಲ್ಲನ್ನು 27-28 ಇಂಚಿಗೆ ಇಳಿಸಬೇಕು. ಬೇಸಿನ್ನು ಮನೆಗೆ ತಂದು, ಅಳತೆ ಹಿಡಿದು, ಆಮೇಲೆ ಕಲ್ಲು. ಈ ಸರದಿ ತಪ್ಪಿದರೆ ಸರಿಪಡಿಸಲು ಮತ್ತೆ ಟೈಲ್ಸು ಒಡೆಯಬೇಕಾಗುತ್ತದೆ. ಬೋಗುಣಿಯ ಬುಡದ ಸುತ್ತ ಕೊಳೆ ಕೂರುವುದು ಇನ್ನೊಂದು ರಗಳೆ. ಕಲ್ಲಿನ ಕೆಳಗಿನಿಂದ ಕೂರಿಸುವ ಬೇಸಿನ್ನಿಗೆ ಆ ತೊಂದರೆಯಿಲ್ಲ. ಮೇಲೆ ಚೆಲ್ಲಿದ್ದನ್ನು ಕೈಯಲ್ಲಿ ಒಳಕ್ಕೇ ಎಳೆದುಬಿಡಬಹುದು. ನೋಡಲು ಅಷ್ಟು ಮೆರುಗಿಲ್ಲದಿದ್ದರೂ ದಿನಬಳಕೆಗೆ ಅದೇ ಮೇಲು.

ನೆಲ ಮುಟ್ಟದೆ ಗೋಡೆಯಲ್ಲಿ ತೂಗುವ ಕಪಾಟು ನಮ್ಮ ಒದ್ದೆ ನೆಲಕ್ಕೆ ಒಗ್ಗುತ್ತದೆ. ಕೆಳಗೆ ಒಂದಡಿ ಖಾಲಿ ಬಿಟ್ಟರೆ ಕಸಬರಿಗೆ ಆಡುತ್ತದೆ, ಬಕೆಟ್ಟು ಒಳಕ್ಕೆ ತಳ್ಳಬಹುದು. ನೆಲಕ್ಕೆ ಕೂತ ಕಪಾಟಾದರೆ ಕಾಲುಗಳು ಸ್ಟೀಲಿನವೋ ಪ್ಲಾಸ್ಟಿಕ್ಕಿನವೋ ಇರಬೇಕು, ಹಲಗೆ ನೆಲಕ್ಕೆ ತಾಗಬಾರದು. ಆದರೆ ತೂಗುವ ಕಪಾಟಿಗೆ ಗೋಡೆ ಗಟ್ಟಿಯಿರಬೇಕಲ್ಲ! 18 ಮಿ.ಮೀ. ದಪ್ಪದ ಗ್ರಾನೈಟು ಚದರಡಿಗೆ ಸುಮಾರು ನಾಲ್ಕೂವರೆ ಕಿಲೊ ತೂಗುತ್ತದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಕಲ್ಲಿಗೆ ಹದಿಮೂರು ಕಿಲೊ ಮೀರಿತು. ಅದರ ಮೇಲೆ ಬೇಸಿನ್ನು, ಒಳಗಿನ ಸಾಮಾನು, ಕಪಾಟಿನದೇ ತೂಕ. ಸಾಲದ್ದಕ್ಕೆ ಹಿರಿಯರು ಏಳುವಾಗ, ಬಗ್ಗುವಾಗ ತಮ್ಮ ಭಾರವನ್ನೆಲ್ಲ ಅದರ ಮೇಲೆಯೇ ಊರುತ್ತಾರೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಇದನ್ನು ತಡೆದೀತು. ನಾಲ್ಕೂವರೆ ಇಂಚಿನ ಅಡ್ಡಗೋಡೆಗೆ, ಟೊಳ್ಳು ಬ್ಲಾಕಿನ ಗೋಡೆಗೆ, ಹಳೆಯ ಪೇಟೆಯ ಮಣ್ಣಿನ ಗೋಡೆಗೆ ಇದು ಆಗದ ಕೆಲಸ. ಪಿಂಗಾಣಿ ಒಡೆದರೆ ಅದರ ಅಂಚು ಚೂರಿಯಷ್ಟೇ ಹರಿತ. ಅಂಥ ಗೋಡೆಗಳಿರುವ ಮನೆಗೆ ಕಲ್ಲಿನ ಕಟ್ಟೆಯೇ ಗತಿ. ಹಿರಿಯರು ಹಿಡಿದು ಏಳಲು ಬೇಸಿನ್ನಿನ ಪಕ್ಕ ಗಟ್ಟಿ ಗೋಡೆಗೆ ಒಂದು ಸ್ಟೀಲಿನ ಸರಳು ಪ್ರತ್ಯೇಕವಾಗಿ ಹಾಕಿಸುವುದು ಎಲ್ಲ ಮನೆಗೂ ಒಳ್ಳೆಯದು.

ಬೇಸಿನ್ನಿಗೆ ಕಾಲು ಎತ್ತಿ ತೊಳೆಯುವುದರಿಂದಲೂ ಅದು ಕಿತ್ತು ಬರುತ್ತದೆ. ನಮಾಜಿಗೆ ಮುಂಚೆ ವಜೂ ಮಾಡುವ ಮನೆಗಳಲ್ಲಿ, ಹೊಲ ಗದ್ದೆಯಿಂದ ಬಂದು ಕಾಲು ತೊಳೆದೇ ಒಳಬರುವ ಮನೆಗಳಲ್ಲಿ, ನೆಲದಿಂದ ಒಂದೂವರೆ ಅಡಿಗೆ ಬೇರೊಂದು ನಲ್ಲಿ, ಅದರೆದುರು ಕೂರಲು ಗಿಡ್ಡ ಕಟ್ಟೆ ಇದ್ದರೆ ವ್ಯಾನಿಟಿ ತಾನಾಗಿ ಉಳಿಯುತ್ತದೆ.

ಬಾಣಂತಿಗೆ ಜಾಗ ಎಲ್ಲಿ?

ಬಚ್ಚಲು ರಿಪೇರಿಗೆ ಮನೆಯವರು ಮುಹೂರ್ತ ಹುಡುಕುವುದು ಸಾಮಾನ್ಯವಾಗಿ ಮದುವೆಗೆ ಮುಂಚೆ, ಇಲ್ಲವೇ ಮಗಳು ಹೆರಿಗೆಗೆ ತವರಿಗೆ ಬರುವ ಮುಂಚೆ. ಎರಡನೆಯ ಸಂದರ್ಭದಲ್ಲಿ ವ್ಯಾನಿಟಿಯ ವಿಷಯ ಇನ್ನೂ ಸೂಕ್ಷ್ಮ. ಬಾಣಂತಿಗೆ ನೀರು ಹಾಕುವುದೆಂದರೆ ಆಕೆ ಮಣೆಯ ಮೇಲೆ ಕೂರಬೇಕು, ನೀರು ಹಾಕುವಾಕೆ ಹಿಂದೆ ನಿಂತು ತೋಳೆತ್ತಿ ಸುರಿಯಬೇಕು, ಪಕ್ಕದಲ್ಲಿ ಕುದಿನೀರಿನ ಪಾತ್ರೆಯಿರಬೇಕು. ಕೂಸಿಗೆ ಎರೆಯುವಾಕೆ ನೆಲದ ಮೇಲೆ ಕೂತು ಎರಡೂ ಕಾಲು ನೀಳಕ್ಕೆ ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಅದಕ್ಕೇ ನಾಲ್ಕಡಿ ಉದ್ದದ ಬರಿನೆಲ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದದ ಬಚ್ಚಲಿನಲ್ಲಿ ಎರಡಡಿಯ ವ್ಯಾನಿಟಿ ತಂದು ನಿಲ್ಲಿಸಿದರೆ ಎರೆಯುವಾಕೆಯ ತಲೆ ಅದರ ಅಂಚಿಗೆ ತಾಗುತ್ತದೆ. ಬಿಸಿನೀರು, ಎಣ್ಣೆ ಜಾರುವ ನೆಲ, ಕೈಯಲ್ಲಿ ಹಸುಗೂಸು. ಇಲ್ಲಿ ಅಂದಕ್ಕಿಂತ ಜಾಗ ದೊಡ್ಡದು. ಅಂಥ ಬಚ್ಚಲಿಗೆ ಮೂಲೆಯ ಬೇಸಿನ್ನು ಸಾಕು, ಕಪಾಟನ್ನು ಬಾಗಿಲ ಹೊರಗಿನ ಗೋಡೆಗೆ ಸಾಗಿಸಬೇಕು.

ಗಾಲಿಕುರ್ಚಿಯಲ್ಲಿ ಓಡಾಡುವವರಿರುವ ಮನೆಗೆ ಬೇಸಿನ್ನಿನ ಕೆಳಗೆ ಏನೂ ಇರಬಾರದು. ಮೊಣಕಾಲು ಒಳಕ್ಕೆ ಹೋಗಲು ನೆಲದಿಂದ 27 ಇಂಚು ಖಾಲಿ ಬೇಕು, ಬೇಸಿನ್ನಿನ ಬಾಯಿ 34 ಇಂಚು ಮೀರಬಾರದು. ಕೊಳವೆಯನ್ನು ಗೋಡೆಯ ಪಕ್ಕಕ್ಕೆ ಸರಿಸಬೇಕು, ಇಲ್ಲದಿದ್ದರೆ ಬಿಸಿನೀರಿನ ಕೊಳವೆ ಮೊಣಕಾಲಿಗೆ ತಾಗಿ ಸುಡುತ್ತದೆ. ಬಾಗಿಲಿನ ಅಗಲವನ್ನೂ ಆಗಲೇ ನೋಡಿಕೊಳ್ಳುವುದು ಒಳಿತು. ಬೇಸಿನ್ನು ಎಲ್ಲ ಸರಿಯಿದ್ದು, ಕುರ್ಚಿಯೇ ಬಾಗಿಲು ದಾಟದಿದ್ದರೆ ಏನು ಪ್ರಯೋಜನ?

ಕೆಲಸದ ಸರದಿ

ಮೊದಲು ಪ್ಲಂಬರು, ಆಮೇಲೆ ಮೇಸ್ತ್ರಿ, ಕೊನೆಗೆ ಬಡಗಿ. ಆದರೆ ಮೂವರನ್ನೂ ಒಂದು ದಿನ ಒಟ್ಟಿಗೆ ಬಚ್ಚಲಿನಲ್ಲಿ ನಿಲ್ಲಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದರೆ ಅರ್ಧ ಜಗಳ ತಪ್ಪುತ್ತದೆ. ನೀರಿನ ಆಂಗಲ್ ವಾಲ್ವು ಎಲ್ಲಿ, ಹೊರಹೋಗುವ ಕೊಳವೆ ಎಲ್ಲಿ, ಕಪಾಟಿನ ನಡುಹಲಗೆ ಎಲ್ಲಿ. ವಾಲ್ವು ಕಪಾಟಿನ ಹಿಂದೆ ಹೂತುಹೋದರೆ ನಡುರಾತ್ರಿ ಪೈಪು ಬಿಟ್ಟಾಗ ನೀರು ನಿಲ್ಲಿಸಲು ಕೈ ಹೋಗುವುದಿಲ್ಲ. ಬಾಟಲ್ ಟ್ರ್ಯಾಪನ್ನು ಬಿಚ್ಚಿ ಕಸ ತೆಗೆಯಲು ಸಾಧ್ಯವಾಗುವಷ್ಟು ಜಾಗ ಅದರ ಸುತ್ತ ಇರಬೇಕು. ಬಾಚಣಿಕೆಯ ಕೂದಲೆಲ್ಲ ಹೋಗಿ ನಿಲ್ಲುವುದು ಅಲ್ಲಿಯೇ. ಕಲ್ಲು ಹಾಸುವಾಗ ಒಂದೆರಡು ನೂಲಿನಷ್ಟು ಇಳಿಜಾರು ಬೇಸಿನ್ನಿನ ಕಡೆಗಿರಲಿ. 1941ರಲ್ಲಿ ಆರಂಭವಾಗಿ ಹರಿಹರವನ್ನು ಲೇಥ್ ಯಂತ್ರಗಳ ಊರೆಂದು ಹೆಸರುವಾಸಿ ಮಾಡಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಅಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ರಸಮಟ್ಟ ಅವರ ಕೈಗೆ ಕೊಡಬಹುದು. ಕೂದಲೆಳೆಯ ವ್ಯತ್ಯಾಸಕ್ಕೂ ಅವರು ಒಪ್ಪಲಾರರು, ಮೇಸ್ತ್ರಿಗಳಿಗೆ ಅದೊಂದು ಕಿರಿಕಿರಿ.

ಬಡಗಿಗಳು ದರ ಹೇಳುವುದು ಕಪಾಟಿನ ಮುಖದ ಚದರಡಿಗೆ. ಒಳಗಿನ ಅಟ್ಟಣೆ, ಬಿಜಾಗರ, ಹಿಡಿಕೆ, ಹಿಂಬದಿಯ ಹಲಗೆ ಅದರಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಬರೆಸಿಕೊಳ್ಳಬೇಕು. ಹಿಂಬದಿಯ ಹಲಗೆ ಬಚ್ಚಲಿಗೆ ಬೇಡವೇ ಬೇಡ. ಗೋಡೆಯ ತೇವ ಅದರ ಹಿಂದೆ ಸಿಕ್ಕಿಕೊಂಡು ಬೂಸು ಹಿಡಿಯುತ್ತದೆ. ಬಾಗಿಲಿಗೆ ಗಾಳಿಯಾಡುವ ಸೀಳುಗಳನ್ನು ಬಿಡಿಸಿದರೆ ಇನ್ನೂ ಒಳ್ಳೆಯದು.

ಹಳೆಯ ಪೇಟೆಯಲ್ಲಿ ಎರಡು ಮನೆಗೆ ಒಂದೇ ನಡುಗೋಡೆ. ಈ ಕಡೆಯ ಬಚ್ಚಲಿನ ತೇವ ಆ ಕಡೆಯವರ ದೇವರಮನೆಗೋ ಬೀರು ಇಟ್ಟ ಕೋಣೆಗೋ ಇಳಿದು, ಅಣ್ಣತಮ್ಮಂದಿರಂತಿದ್ದ ನೆರೆಹೊರೆ ಮಾತು ಬಿಟ್ಟ ಉದಾಹರಣೆಗಳು ಎಲ್ಲ ಓಣಿಯಲ್ಲೂ ಸಿಗುತ್ತವೆ. ಕಪಾಟು ಕೂರಿಸಿದ ಮೇಲೆ ಅದರ ಹಿಂದಿನ ಸೋರಿಕೆ ವರ್ಷಗಟ್ಟಲೆ ಕಾಣುವುದಿಲ್ಲ, ಪಕ್ಕದ ಮನೆಯ ಸುಣ್ಣ ಉದುರಿದಾಗಲೇ ಗೊತ್ತಾಗುವುದು. ಅದಕ್ಕಾಗಿ ಟೈಲ್ಸಿಗೆ ಮುಂಚೆ, ನೀರು ತಡೆಯುವ ಲೇಪ ಒಣಗಿದ ಮೇಲೆ, ಬಚ್ಚಲಿನ ಬಾಯಿಗೆ ಬಟ್ಟೆ ಗಿಡಿದು ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ ಎರಡು ದಿನ ಬಿಡಬೇಕು. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲಿನ ಗೆರೆ ಎಳೆದಿಡಿ. ಮೂರನೆಯ ದಿನ ಬೆಳಿಗ್ಗೆ ಗೆರೆ ನೋಡಿಕೊಂಡು, ಪಕ್ಕದ ಮನೆಯವರನ್ನೂ ಕರೆದು ಅವರ ಕಡೆಯ ಗೋಡೆ ಮುಟ್ಟಿ ನೋಡಲು ಹೇಳಿ, ಒಣಗಿದೆ ಎಂದು ಅವರು ಹೇಳಿದ ಮೇಲೆಯೇ ಟೈಲ್ಸಿನ ಪೆಟ್ಟಿಗೆ ಬಿಚ್ಚಬೇಕು.